ಚಾವಡಿಯಿಂದ ಶಾಲೆಗೆ ಬಂದ ಸಭೆ

ಬಡ್ತಿ ಪಡೆದು ಇಲ್ಲಿಗೆ ಬಂದ ಮೊದಲ ದಿನ, ಹೆಡ್ ಕುರ್ಚಿಯಲ್ಲಿ ನಾನು ಕೂತಿರುವಾಗಲೇ ಒಬ್ಬರು ಬಂದು, "ಎಡ್‌ಮಾಸ್ಟ್ರು ಎಲ್ಲವ್ರೆ ಮೇಡಮ್ಮೋರೆ?" ಎಂದರು. "ನಾನೇ ರೀ" ಎಂದೆ. "ವಸಿ ಕಾಯ್ತೀನಿ ಬುಡಿ" ಎಂದು ನಕ್ಕು ಹೊರಗೆ ಬೆಂಚಿನ ಮೇಲೆ ಕೂತುಬಿಟ್ಟರು. ವಸಿ ಎಂದರೆ ಇಲ್ಲಿ ಸ್ವಲ್ಪ. ಪುಣ್ಯಾತ್ಮ ಊಟದ ಬೆಲ್ಲಿನವರೆಗೂ ಕಾದರು.

ನವಲಗುಂದದವಳು ನಾನು; ಮಗಳನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ನಂಜನಗೂಡಿನಲ್ಲಿ ಒಂಟಿ ಹೆಂಗಸಿಗೆ ಬಾಡಿಗೆ ಮನೆ ಸಿಗಲು ತಿಂಗಳು ಹಿಡಿಯಿತು. ಶಾಲೆಗೆ ದಿನಾ ಸುತ್ತೂರು ದಾಟುವ ಬಸ್ಸು, ರಾತ್ರಿಗೆ ಒಬ್ಬಳಿಗೇ ರೊಟ್ಟಿ. ನಮ್ಮೂರ ಶಾಲೆಯಲ್ಲಿ ಮಕ್ಕಳಿಗೆ ನಾನು ಅಕ್ಕೋರು, ಇಲ್ಲಿ ಮಿಸ್ಸು. ಹಾಗಂತ ನಮ್ಮೂರನ್ನೇನೂ ಹೊಗಳುವುದಿಲ್ಲ. ಅಲ್ಲಿ ನಾವು ಎಂಟು ಮಂದಿ ಅಕ್ಕೋರು, ಒಬ್ಬರೇ ಸರ್; ಹೆಡ್ ಅವರೇ.

ಇಲ್ಲಿ ಶಾಲೆಯ ಪೋಷಕರ ಸಮಿತಿ ಸೇರುವುದು ಊರ ಚಾವಡಿಯಲ್ಲಿ. ಅದನ್ನು ಹೆಂಗಸರು ಹತ್ತುವಂತಿಲ್ಲ. ಸದಸ್ಯೆಯರ ಬದಲು ಗಂಡಂದಿರು ಕೂರುತ್ತಾರೆ, ನನ್ನ ಬದಲು ಹಿರಿಯ ಮೇಷ್ಟ್ರು. ಆಮೇಲೆ ಸಭೆಯ ನಡಾವಳಿ ಪುಸ್ತಕ ನನ್ನ ಸಹಿಗೆ ಬರುತ್ತದೆ. ಈ ಸಲ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಇಟ್ಟಿದ್ದ ಜಾಗದಲ್ಲಿ ಸ್ಟೇಜ್ ಕಟ್ಟುವುದೆಂದು ಬರೆದುಕೊಂಡು ಬಂದರು. ನಾನು ಸಹಿ ಹಾಕಲಿಲ್ಲ.

"ಎಲ್ರೂ ಒಪ್ಪವ್ರೆ ಮೇಡಂ. ನೀವು ಹೆಂಗೂ ವರ್ಗ ಮಾಡಿಸ್ಕೊಂಡು ಹೋಗೋರು, ನಿಮಗ್ಯಾಕೆ?" ಎಂದರು ಮೇಷ್ಟ್ರು. ಮೈ ಉರಿಯಿತು. ವರ್ಗಾವಣೆಯ ಅರ್ಜಿ ನನ್ನ ಬ್ಯಾಗಿನಲ್ಲೇ ಇತ್ತು, ಅದಕ್ಕೇ ಇನ್ನೂ ಉರಿಯಿತು.

ಸದಸ್ಯೆಯರ ಮನೆಮನೆಗೆ ಹೋಗಿ ನೋಟೀಸನ್ನು ಅವರ ಕೈಗೇ ಕೊಟ್ಟು ಬಂದೆ, ಸಭೆ ಶಾಲೆಯಲ್ಲಿ ಎಂದು. ಆ ದಿನ ಮೊದಲು ಗಂಡಂದಿರೇ ಬಂದರು. "ಮೆಂಬರ್ ಬರಲಿ" ಎಂದು ಅವರನ್ನು ಜಗಲಿಯಲ್ಲಿ ಕೂರಿಸಿದೆ. ಮುಕ್ಕಾಲು ಗಂಟೆ ಯಾರೂ ಇಲ್ಲ. ನನ್ನ ಮಾನ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಗದ್ದೆಯಿಂದ ನೇರವಾಗಿ ಐದು ಮಂದಿ ಬಂದರು.

ಅವರಲ್ಲಿ ಸಿದ್ದಮ್ಮ ಪುಸ್ತಕ ತಿರುವಿದಳು. "ಎಲ್ಡು ವರ್ಸದಿಂದ ಮೆಂಬ್ರಂತೆ ಕಣವ್ವ ನಾನು. ಇದ್ಯಾವ್ದೂ ನನ್ ಸೈನಲ್ಲ. ನನ್ ಮಗ್ಳು ತಿಂಗ್ಳಲ್ಲಿ ನಾಕ್ ದಿನ ಇಸ್ಕೂಲ್ಗೆ ಬರಾಕಿಲ್ಲ. ಸ್ಟೇಜ್ ತಗಂಡು ಏನ್ ಮಾಡಾದು?"

ಜಗಲಿಯಲ್ಲಿ ಅವಳ ಗಂಡ ಕೆಮ್ಮಿದ. ಪುಸ್ತಕದಲ್ಲಿ ಸ್ಟೇಜನ್ನು ಹೊಡೆದುಹಾಕಿ, ಶೌಚಾಲಯವೆಂದು ಬರೆಸಿ ಐವರೂ ಸಹಿ ಮಾಡಿದರು, ಕೊನೆಗೆ ನಾನು. ಹೊರಡುವಾಗ ಸಿದ್ದಮ್ಮ, "ಮುಂದಿನ್ ಮೀಟಿಂಗ್ಗೂ ನೀವೇ ಇರ್ತೀರ ತಾನೆ? ನೀವ್ ಊರ್ ಬುಟ್ಟೋದ್ರೆ ಪುಸ್ತಕ ತಿರ್ಗಾ ಚಾವ್ಡಿ ಅತ್ಬುಡ್ತದೆ" ಎಂದಳು. "ಇರ್ತೀನಿ" ಎಂದೆ.

ಸಂಜೆ ಮಗಳ ಫೋನು. "ಅವ್ವಾ, ಈ ಸರ್ತಿ ಊರಿಗೆ ವರ್ಗ ಮಾಡಿಸ್ಕೊಂಡು ಬರ್ತಿ ಹೌದಿಲ್ಲೋ?" "ಬರ್ತೀನಿ ಪುಟ್ಟಿ" ಎಂದೆ.

ಇಬ್ಬರಿಗೂ ಮನಸಾರೆ ಹೇಳಿದ್ದೇನೆ. ಅರ್ಜಿಗೆ ನಾಳೆ ಕೊನೆಯ ದಿನ.