ಬೆಂಚಿನ ಮೇಲಿನ ಈಜು

ಆಗೆಲ್ಲ ಗಡಿಯಾಚೆಯ ಜತ್ತ ತಾಲೂಕಿನ ನಮ್ಮ ಊರಲ್ಲಿ ಈಜನ್ನು ಮೈ ಒದ್ದೆಯಾಗದಂತೆ ಕಲಿಸುತ್ತಿದ್ದರು. ಮೂರನೇ ಇಯತ್ತೆಯ ಬೇಸಿಗೆ. ಶಾಲೆಯ ಪಡಸಾಲೆಯಲ್ಲಿ ಬೆಂಚು ಹಾಕಿ, ಅದರ ಮೇಲೆ ಬೋರಲು ಮಲಗಿಸಿ, ಗುರೂಜಿ ನಮ್ಮಿಂದ ಕೈಕಾಲು ಬಡಿಸುತ್ತಿದ್ದರು. ತಿಂದ ರೊಟ್ಟಿ, ಶೇಂಗಾ ಚಟ್ನಿ ಗಂಟಲಿಗೆ ಬರುತ್ತಿತ್ತು.

"ಉಸರ ಹಿಡೀರಿ, ಮೀನಿನ ಮಕ್ಕಳ."

"ನೀರ ಎಲ್ಲೈತ್ರಿ ಗುರೂಜಿ?" ಎಂದ ನನ್ನ ಗೆಳೆಯ ರಜಾಕ.

"ಐತಿ ಅಂತ ತಿಳ್ಕೊ. ಸಾಹೇಬ್ರ ಮುಂದ ಹಿಂಗ ಕೇಳಿಗೀಳಿ ಮತ್ತ."

ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದರು. ಫೋಟೊ ತೆಗೆಸಿ, ನಮಗೆಲ್ಲ ಈಜು ಬರುತ್ತದೆಂದು ಸಾರಿ, ಚಹಾ ಕುಡಿದು ಹೋದರು.

ಕೆಲವೇ ದಿನಗಳಲ್ಲಿ ನಮ್ಮ ಚೆಂಡು ವಳಸಂಗದ ದಾರಿಯ ಕೃಷಿಹೊಂಡಕ್ಕೆ ಬಿತ್ತು. ಒಳಗೆಲ್ಲ ಕರಿ ಪ್ಲಾಸ್ಟಿಕ್ ಹಾಸಿದ್ದ ಹೊಂಡ. "ನನಗ ಈಜ ಬರ್ತೈತಲೇ" ಎಂದು ರಜಾಕ ಇಳಿದ. ಇಳಿದವನು ಜಾರಿದ. ಪಾಚಿಗಟ್ಟಿದ ಪ್ಲಾಸ್ಟಿಕ್ಕನ್ನು ಅವನು ಪರಚಿದ ಸದ್ದು ನನಗೆ ನೆನಪಿದೆ. ನಿಜಕ್ಕೂ ಕೇಳಿದೆನೋ, ಆಮೇಲೆ ಸೇರಿಸಿಕೊಂಡೆನೋ. ಮುಂದೆ ಓದಲು ಹೋದ ವಿಶ್ವವಿದ್ಯಾಲಯ ನನಗೆ ಕಲಿಸಿದ್ದು ನನ್ನನ್ನೇ ನಂಬದಿರುವುದನ್ನು. ಕೊಳೆತ ಪಾಚಿಯ ನಾತ ಮಾತ್ರ ಸುಳ್ಳಿರಲಾರದು. ಪಕ್ಕದ ಹೊಲದಲ್ಲಿ ಕಸ ತೆಗೆಯುತ್ತಿದ್ದ ಅವನ ತಾಯಿ ಮುಮ್ತಾಜಬಿ ಓಡಿಬಂದು ನೀರಿನ ಪೈಪು ಎಸೆದಳು.

"ಕೈ ಬಡೀಬ್ಯಾಡೋ, ಹಿಡಿ. ಹಿಡಕೋ."

ಎಲ್ಲರೂ ಸೇರಿ ಎಳೆದೆವು. ಮೇಲೆ ಬಂದವನು ನನ್ನ ಪಾದದ ಮೇಲೆ ಹಸಿರು ನೀರು ಕಾರಿದ.

ಸಂಜೆ ಗುರೂಜಿ ಅವನ ಮನೆಗೆ ಬಂದರು. "ನೋಡಬೇ, ಬೆಂಚಿನ ಮ್ಯಾಲ ಕಲಿಸಿದ್ದಕ್ಕ ಹುಡುಗ ಬದುಕಿದ."

"ಹೊಂಡಕ್ಕ ದಬ್ಬಿದ್ದಽ ಆ ಬೆಂಚ ರೀ ಗುರೂಜಿ. ಎಳದಿದ್ದು ಪೈಪ" ಎಂದಳು ಮುಮ್ತಾಜಬಿ.

ಝೆಂಡಾ ವಂದನೆಯ ದಿನ, ಹುಡುಗನ ಜೀವ ಉಳಿಸಿದರೆಂದು ಗುರೂಜಿಗೆ ಶಾಲು ಹೊದಿಸಿದರು. ಆಕೆಯನ್ನು ಯಾರೂ ಕರೆಯಲಿಲ್ಲ. ನಾವು ಹೊಡೆದ ಚಪ್ಪಾಳೆ ನೆನೆದರೆ ಈಗಲೂ ಕೈ ತೊಳೆದುಕೊಳ್ಳಬೇಕೆನಿಸುತ್ತದೆ.

ಮೊನ್ನೆ ಊರಿಗೆ ಹೋದಾಗ ಅದೇ ಪಡಸಾಲೆಯಲ್ಲಿ ಅದೇ ಕಸರತ್ತು ನಡೆದಿತ್ತು. ಫೋಟೊ ಹೋಗಿ ಮೊಬೈಲಿನ ವಿಡಿಯೊ ಬಂದಿದೆ. ರಜಾಕನ ಮಗಳು ಬೋರಲು ಮಲಗಿ ಕೈ ಬಡಿಯುತ್ತಿದ್ದಳು. ಅವನು ಹೆಮ್ಮೆಯಿಂದ ನೋಡುತ್ತಿದ್ದ.

"ನಿಮ್ಮವ್ವ ಪೈಪ ಒಗದಿದ್ದು ಮರತೇನು?" ಎಂದೆ.

"ಯಾವ ಪೈಪಲೇ? ನಾನಽ ಈಜಿ ಬಂದೀನಿ. ಗುರೂಜಿ ಪುಣ್ಯಾ."

ಎಷ್ಟು ನೆಮ್ಮದಿಯಿಂದ ಹೇಳಿದನೆಂದರೆ, ಒಂದು ಗಳಿಗೆ ನನಗೇ ಅನುಮಾನವಾಯಿತು. ಕೇಳೋಣವೆಂದರೆ ಮುಮ್ತಾಜಬಿ ಈಗಿಲ್ಲ. ಅಂದು ಅವನು ನೀರು ಕಾರಿದ್ದನ್ನು ಕಂಡ ನಮಗೆ ವರ್ಷಗಟ್ಟಲೆ ಹೊಂಡವೆಂದರೆ ಹೆದರಿಕೆಯಿತ್ತು. ಈಜಂತೂ ಈ ಊರಿಗೆ ಬರಲಿಲ್ಲ. ಆ ಹೆದರಿಕೆಯನ್ನೂ ಊರು ಕಳೆದುಕೊಂಡು ಕುಳಿತಿದೆ. ಈಗ ಹೊಲಕ್ಕೊಂದು ಹೊಂಡ.

ಹುಡುಗಿ ಬೆಂಚಿನಿಂದ ಇಳಿದು ಬಂದಳು. "ಕಾಕಾ, ನಮ್ಮ ಹೊಂಡ ತುಂಬೇತ್ರಿ. ಬರ್ರಿ, ತೋರಸ್ತೀನಿ" ಎಂದು ಓಡಿದಳು. ನಾನೂ ಹಿಂದೆಯೇ ಓಡಿದೆ. ನನಗೂ ಈಜು ಬರುವುದಿಲ್ಲ.