ಲಾರಿ ಪಾಸು, ಡ್ರೈವರ್ ಫೇಲು

ಸಾವಿರದ ಒಂಬೈನೂರ ನಲವತ್ತಮೂರರಲ್ಲಿ ನಾನು ಹುಣಸೂರಿನಲ್ಲಿ ಮೋಟಾರ್ ಇನ್ಸ್‌ಪೆಕ್ಟರ್ ಆಗಿದ್ದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳ ಬಸ್ಸು, ಲಾರಿ, ಕಾರುಗಳೆಲ್ಲ ವರ್ಷಕ್ಕೊಮ್ಮೆ ನನ್ನ ಕಚೇರಿಯ ಮುಂದಿನ ಬಯಲಿಗೆ ಬಂದು ನಿಲ್ಲಬೇಕಿತ್ತು. ಬ್ರೇಕು, ಸ್ಟೇರಿಂಗು, ಚಾಸಿ ಎಲ್ಲವನ್ನೂ ನೋಡಿ, ಗಾಡಿ ರಸ್ತೆಗೆ ಯೋಗ್ಯವೆಂದು ನಾನು ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟರೆ ಇನ್ನೊಂದು ವರ್ಷ ಓಡಬಹುದು. ಕೊಡದಿದ್ದರೆ ಅಲ್ಲಿಗೆ ಮುಗಿಯಿತು.

ಯುದ್ಧದ ಕಾಲ. ಹೊಸ ಗಾಡಿ ಬರುವುದು ನಿಂತೇಹೋಗಿತ್ತು. ಟೈರು ಸಿಗುತ್ತಿರಲಿಲ್ಲ, ಬಿಡಿಭಾಗ ಸಿಗುತ್ತಿರಲಿಲ್ಲ, ಪೆಟ್ರೋಲಿಗೆ ರೇಷನ್ನು. ಬಹಳಷ್ಟು ಗಾಡಿಗಳು ಇದ್ದಿಲು ಗ್ಯಾಸಿನ ಮೇಲೆ ಓಡುತ್ತಿದ್ದವು. ಇಂದಿನವರಿಗೆ ಇದು ಗೊತ್ತಿರಲಿಕ್ಕಿಲ್ಲ. ಗಾಡಿಯ ಹಿಂಬದಿಗೆ ಒಂದು ಆಳೆತ್ತರದ ತಗಡಿನ ಒಲೆ ಕಟ್ಟಿ, ಅದರಲ್ಲಿ ಇದ್ದಿಲು ತುಂಬಿ ಬೆಂಕಿ ಹಾಕುತ್ತಿದ್ದರು. ಕೈಯಿಂದ ತಿರುಗಿಸುವ ಬ್ಲೋವರಿನಲ್ಲಿ ಗಾಳಿ ಊದಿದರೆ ಅದರಿಂದ ಹುಟ್ಟುವ ಗ್ಯಾಸು ಕೊಳವೆಯಲ್ಲಿ ಹಾದು ಎಂಜಿನ್ನಿಗೆ ಬರುತ್ತಿತ್ತು. ಗಾಡಿ ಓಡುತ್ತಿತ್ತು, ಆದರೆ ಏರು ಬಂದರೆ ಏದುಸಿರು ಬಿಡುತ್ತಿತ್ತು. ಹಳೆಯ ಗಾಡಿಗಳ ವಿಷಯದಲ್ಲಿ ದಾಕ್ಷಿಣ್ಯ ಬೇಡ ಎಂದು ಮೇಲಿನವರು ನನಗೆ ಬಾಯಿಮಾತಿನಲ್ಲಿ ಹೇಳಿದ್ದರು.

ಅಂಥ ಹಳೆಯ ಗಾಡಿಗಳಲ್ಲೆಲ್ಲ ಹಳೆಯದು ಬೋರಯ್ಯನ ಲಾರಿ. ಅದು ಮೊದಲು ಮೈಸೂರಿನ ಒಬ್ಬ ಸಾಹುಕಾರರ ಕಾರು. ಬೋರಯ್ಯ ಅವರಲ್ಲೇ ಡ್ರೈವರ್ ಆಗಿದ್ದವನು. ಸಾಹುಕಾರರು ಹೊಸ ಕಾರು ತಂದಾಗ ಹಳೆಯದನ್ನು ತಾನೇ ಕೊಂಡು, ಹಿಂಭಾಗ ಕತ್ತರಿಸಿ, ಹೊನ್ನೆ ಮರದ ಹಲಗೆಯ ತೊಟ್ಟಿ ಕೂಡಿಸಿ ಸಣ್ಣ ಲಾರಿ ಮಾಡಿಕೊಂಡಿದ್ದ. ಚುಂಚನಕಟ್ಟೆ ಕಡೆಯಿಂದ ಅಕ್ಕಿ ತುಂಬಿಕೊಂಡು ಹೆಗ್ಗಡದೇವನಕೋಟೆಯ ಮೇಲೆ ಹಾದು ಕಾಡಂಚಿನ ಅಂತರಸಂತೆಯ ಸಂತೆಗೆ ಹೋಗುವುದು, ಬರುವಾಗ ಬಿದಿರು, ಸೀಗೆಕಾಯಿ ತರುವುದು ಅವನ ಕಸುಬು. ಮೂಟೆಗಳ ಮೇಲೆ ಜನ ಕೂರುತ್ತಿದ್ದರು. ಕಾಯಿಲೆಯವರನ್ನು ಕೋಟೆಯ ಆಸ್ಪತ್ರೆಗೆ ತರಬೇಕಾದರೂ ಆ ಕಡೆಯವರಿಗೆ ಅದೊಂದೇ ಗಾಡಿ.

ಆ ವರ್ಷ ಲಾರಿ ಬಯಲಿಗೆ ಬಂದು ನಿಂತಾಗ ಸರ್ಟಿಫಿಕೇಟ್ ಕೊಡುವ ಮನಸ್ಸು ನನಗಿರಲಿಲ್ಲ. ಮುಂಭಾಗದ ಬಣ್ಣ ಪೂರ್ತಿ ಹೋಗಿತ್ತು. ಮಡ್‌ಗಾರ್ಡಿಗೆ ತೇಪೆಯ ಮೇಲೆ ತೇಪೆ. ಮೈಲಿ ತೋರಿಸುವ ಮೀಟರು ಯಾವ ಕಾಲದಲ್ಲೋ ನಿಂತಿತ್ತು, ಎಷ್ಟು ಸಾವಿರ ಮೈಲಿ ಓಡಿದೆಯೆಂದು ಹೇಳುವವರೇ ಇರಲಿಲ್ಲ. ಆದರೆ ಕೆಳಗೆ ಮಲಗಿ ನೋಡಿದಾಗ ಒಂದೊಂದೇ ಆಶ್ಚರ್ಯ. ಚಾಸಿಯಲ್ಲಿ ಬಿರುಕಿಲ್ಲ. ಸ್ಪ್ರಿಂಗ್ ಪಟ್ಟಿಗಳು ಕಮ್ಮಾರನ ಕುಲುಮೆಯಲ್ಲಿ ಬಡಿದು ಮಾಡಿದವು, ಆದರೆ ನೆಟ್ಟಗಿದ್ದವು. ಬ್ರೇಕಿಗೆ ಬೇಕಾದ ಲೈನಿಂಗು ಎಲ್ಲೂ ಸಿಗದೆ ಅಕ್ಕಿ ಗಿರಣಿಯ ಹಳೆಯ ಬೆಲ್ಟನ್ನು ಕತ್ತರಿಸಿ ರಿವೆಟ್ ಹೊಡೆದಿದ್ದರು.

"ಇದು ಹಿಡಿಯುತ್ತದೆಯೇ?" ಎಂದು ಕೇಳಿದೆ.

"ಓಡ್ಸಿ ನೋಡಿ ಬುದ್ದಿ. ನಾಳೆ ಅಂತರಸಂತೆ ಸಂತೆ. ಲೋಡಿನ್ ಮೇಲೇ ನೋಡಿ," ಎಂದ ಬೋರಯ್ಯ.

ಅವನ ವಯಸ್ಸು ಅರವತ್ತರ ಆಸುಪಾಸು. ಮಾತು ಕಡಿಮೆ. ಪಕ್ಕದಲ್ಲಿ ಅವನ ಹೆಂಡತಿ ಕೆಂಪಮ್ಮ ನಿಂತಿದ್ದಳು. ಇದ್ದಿಲಿನ ಒಲೆಯ ಕೆಲಸ ಅವಳದು. ಸೆರಗು ಬಿಗಿದು, ಕೈಗೆ ಹಳೆಯ ಗೋಣಿಬಟ್ಟೆ ಸುತ್ತಿಕೊಂಡು ಅವಳು ಬ್ಲೋವರ್ ತಿರುಗಿಸುವುದನ್ನು ಆ ರಸ್ತೆಯ ಜನರೆಲ್ಲ ಬಲ್ಲರು. ಮಗಳ ಮದುವೆಯಾದ ಮೇಲೆ ಮನೆಯಲ್ಲಿ ಒಬ್ಬಳೇ ಏಕೆ ಇರಬೇಕೆಂದು ಗಂಡನ ಜೊತೆ ಲಾರಿ ಹತ್ತಿದವಳು, ಮತ್ತೆ ಇಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಹುಣಸೂರಿನಿಂದ ಹೊರಟೆವು. ಬಲಕ್ಕೆ ಬೋರಯ್ಯ, ನಡುವೆ ಕೆಂಪಮ್ಮ, ಎಡಗಡೆ ನಾನು. ಹಿಂದೆ ಅಕ್ಕಿ ಮೂಟೆಗಳ ಮೇಲೆ ಸಂತೆಗೆ ಹೊರಟ ಗಂಡಸರು, ಹೆಂಗಸರು, ಮಡಿಲ ಕೂಸುಗಳು. ಲಾರಿ ನನ್ನ ನಿರೀಕ್ಷೆಗಿಂತ ಚೆನ್ನಾಗಿ ಓಡುತ್ತಿತ್ತು. ಗೇರು ಬದಲಾಯಿಸಿದ್ದು ಕಿವಿಗೆ ಕೇಳಿಸದಷ್ಟು ಮೆತ್ತಗೆ. ದಾರಿಯುದ್ದಕ್ಕೂ ಕೆಂಪಮ್ಮ ಸಣ್ಣ ದನಿಯಲ್ಲಿ ಏನಾದರೊಂದು ಹೇಳುತ್ತಲೇ ಇದ್ದಳು.

"ಮುಂದೆ ಎರಡು ಗಾಡಿ ಅವೆ, ಬಲಕ್ಕೆ ಬುಡಿ... ಮೋರಿತಾವ ಗುಂಡಿ ಆಗದೆ... ನಮ್ ಸಣ್ಣಮ್ಮ ಓಯ್ತಾವ್ಳೆ ನೋಡಿ, ಕೈ ಎತ್ತುದ್ಲು."

ಬೋರಯ್ಯ "ಊಂ" ಅನ್ನುತ್ತಿದ್ದ. ವರ್ಷಗಟ್ಟಲೆ ಜೊತೆಗೆ ಓಡಾಡಿದ ಗಂಡಹೆಂಡಿರು ಹೊತ್ತು ಕಳೆಯಲು ಆಡುವ ಮಾತು ಎಂದುಕೊಂಡು ನಾನು ಎಂಜಿನ್ನಿನ ಸದ್ದಿನ ಕಡೆಗೇ ಗಮನ ಕೊಟ್ಟಿದ್ದೆ.

ಕೋಟೆ ದಾಟಿ ಅಂತರಸಂತೆಯ ದಾರಿ ಹಿಡಿದ ಮೇಲೆ ಒಂದು ಉದ್ದನೆಯ ಏರು. ಅರ್ಧದಲ್ಲಿ ಗ್ಯಾಸು ಸಾಲದೆ ಎಂಜಿನ್ನು ಕುಗ್ಗಿತು. ಲಾರಿ ನಿಲ್ಲಿಸಿದರು. ಕೆಂಪಮ್ಮ ಇಳಿದು ಹೋಗಿ ಇದ್ದಿಲು ಕೆದಕಿ ಬ್ಲೋವರ್ ತಿರುಗಿಸಿದಳು. ಎಂಜಿನ್ನು ಮತ್ತೆ ಹೊತ್ತಿಕೊಂಡಿತು. ಲಾರಿಯ ಹಿಂಬದಿಯಲ್ಲಿ ಒಲೆಯ ಪಕ್ಕದ ಮೆಟ್ಟಿಲು ಹತ್ತಿ ನಿಂತು ಅವಳು ಕೂಗಿದಳು: "ಏರು ಅತ್ತೋಗಂಟ ನಾನು ಇಲ್ಲೇ ಇರ್ತೀನಿ. ಮೇಲಕ್ಕೋದ್ಮ್ಯಾಲೆ ನಿಲ್ಸಿ!"

ಏರು ಹತ್ತಿ ಮೇಲೆ ಬಂದೆವು. ಗ್ಯಾಸು ಚೆನ್ನಾಗಿ ಬರುತ್ತಿತ್ತು. ನಿಲ್ಲಿಸಿದರೆ ಎಲ್ಲಿ ಮತ್ತೆ ಆರುತ್ತದೋ ಎಂದೋ, ಇಲ್ಲಾ ಪಕ್ಕದಲ್ಲಿ ಇನ್ಸ್‌ಪೆಕ್ಟರ್ ಕೂತಿದ್ದಾನೆಂದೋ, ಬೋರಯ್ಯ ನಿಲ್ಲಿಸಲಿಲ್ಲ. ಇಳಿಜಾರು ಶುರುವಾಯಿತು. ಎರಡೂ ಕಡೆ ಲಂಟಾನದ ಪೊದೆ. ಅದರೊಳಗಿಂದ ಸೌದೆ ಹೊರೆ ಹೊತ್ತ ಒಬ್ಬ ಮುದುಕಿ ರಸ್ತೆಗೆ ಕಾಲಿಟ್ಟಳು. ಹೊರೆಯ ಭಾರಕ್ಕೆ ತಲೆ ತಿರುಗಿಸಲಾಗದೆ ನೇರ ನೋಡಿಕೊಂಡೇ ರಸ್ತೆ ದಾಟುತ್ತಿದ್ದಳು. ದೂರ ಸಾಕಷ್ಟಿತ್ತು. ಈಗ ನಿಧಾನ ಮಾಡುತ್ತಾನೆ, ಈಗ ಹಾರನ್ ಒತ್ತುತ್ತಾನೆ ಎಂದು ನೋಡಿದೆ. ಅವನು ಏನೂ ಮಾಡಲಿಲ್ಲ. ಮುಖದಲ್ಲಿ ಯಾವ ಗಾಬರಿಯೂ ಇರಲಿಲ್ಲ.

"ನಿಲ್ಲಿಸಿ!" ಎಂದು ಕೂಗಿಬಿಟ್ಟೆ.

ನನ್ನ ಬಾಯಿಯಿಂದ ಮಾತು ಪೂರ್ತಿ ಹೊರಡುವ ಮೊದಲೇ ಬ್ರೇಕು ಬಿತ್ತು. ಹಿಂದೆ ಜನ ಒಬ್ಬರ ಮೇಲೊಬ್ಬರು ಬಿದ್ದರು. ಲಾರಿ ಸ್ವಲ್ಪವೂ ಅತ್ತಿತ್ತ ಎಳೆಯದೆ, ನೆಟ್ಟಗೆ, ಮುದುಕಿಯಿಂದ ಒಂದು ಮಾರಿನಷ್ಟು ದೂರದಲ್ಲಿ ನಿಂತಿತು. ಅವಳು ಹೊರೆ ಕೆಳಗೆ ಹಾಕಿ, ಕೈ ಎದೆಯ ಮೇಲಿಟ್ಟುಕೊಂಡು ಬಾನೆಟ್ಟಿನ ಮುಂದೆಯೇ ನಿಂತುಬಿಟ್ಟಳು.

ಬೋರಯ್ಯ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಏನಿತ್ತು ಬುದ್ದಿ? ದನವಾ?"

ನಾನು ಅವನ ಕಣ್ಣುಗಳನ್ನು ಆಗ ಮೊದಲ ಸಲ ಹತ್ತಿರದಿಂದ ನೋಡಿದೆ. ಎರಡರಲ್ಲೂ ಕಪ್ಪಗಿರಬೇಕಾದ ಜಾಗದಲ್ಲಿ ಗಂಜಿ ಕಟ್ಟಿದಂತೆ ಬೆಳ್ಳಗಿತ್ತು.

ಕೆಂಪಮ್ಮ ಹಿಂದಿನಿಂದ ಓಡಿ ಬಂದಳು. ಮುದುಕಿಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಯಿತು. ಮುದುಕಿ ಸಾವರಿಸಿಕೊಂಡು ಬೈಯಲು ಶುರುಮಾಡಿದಾಗ ಕೆಂಪಮ್ಮ ಹೊರೆಯನ್ನು ಎತ್ತಿ ಅವಳ ತಲೆಯ ಮೇಲಿಟ್ಟು, ಕೈಹಿಡಿದು ರಸ್ತೆ ದಾಟಿಸಿ ಬಂದಳು.

"ಯಾವಾಗಿನಿಂದ ಹೀಗೆ?" ಎಂದೆ.

"ಬೆಳ್ಕು ಗೊತ್ತಾಯ್ತದೆ ಬುದ್ದಿ. ರಸ್ತೆ ಬೆಳ್ಳಗೆ ಕಾಣ್ತದೆ. ಅದ್ರ ಮೇಲೆ ಇರೋದು ಕಾಣಾಕಿಲ್ಲ," ಎಂದ ಬೋರಯ್ಯ. "ಮೂರು ವರ್ಸದಿಂದ ಇಂಗೇ."

"ಇಬ್ರಿಗೂ ನನ್ ಕಣ್ಣೇ ಸಾಕಾಗಿತ್ತು ಸ್ವಾಮಿ," ಎಂದಳು ಕೆಂಪಮ್ಮ. "ಇವತ್ತೊಂದಿನ ಇಂದುಕ್ಕೆ ಹೋಗ್ಬಾರ್ದಾಗಿತ್ತು ನಾನು."

ಅವಳ ದನಿಯಲ್ಲಿ ಸಂಕೋಚವಾಗಲಿ ನೆಪವಾಗಲಿ ಇರಲಿಲ್ಲ. ಬೈಯುವ ಮನಸ್ಸಾಗಲಿಲ್ಲ. ಆದರೆ ಆ ಲಾರಿಯನ್ನು ಇನ್ನೊಂದು ಗಜ ಓಡಿಸಲು ಅವನಿಗೆ ಬಿಡುವಂತೆಯೂ ಇರಲಿಲ್ಲ. ಹಿಂದೆ ಕೂಸುಗಳಿದ್ದವು. "ಇಳಿಯಿರಿ," ಎಂದೆ. ಅವನು ಇಳಿದ. ಸ್ಟೇರಿಂಗಿನ ಮುಂದೆ ನಾನೇ ಕೂತೆ.

ಅಂತರಸಂತೆಯವರೆಗೆ ಆ ಲಾರಿಯನ್ನು ಓಡಿಸಿದ ಆ ಸ್ವಲ್ಪ ದೂರವನ್ನು ನಾನು ಮರೆತಿಲ್ಲ. ಹೊಸ ಗಾಡಿಗಳನ್ನು ಓಡಿಸಿದವನು ನಾನು. ಅಷ್ಟು ವಿಧೇಯವಾದ ಗಾಡಿ ಕಡಿಮೆ. ಸ್ಟೇರಿಂಗಿನಲ್ಲಿ ಸಡಿಲವಿಲ್ಲ, ಕ್ಲಚ್ಚು ಬೆಣ್ಣೆಯಂತೆ. ಎಡಗಡೆ ಕೂತ ಬೋರಯ್ಯ, ಬೇರೆಯವರ ಕೈಗೆ ಕೂಸು ಕೊಟ್ಟವನ ಹಾಗೆ, ಮೈಯೆಲ್ಲ ಕಿವಿಯಾಗಿದ್ದ. "ಮೂರನೇ ಗೇರಿಗೆ ಅವಸ್ರ ಮಾಡ್ಬೇಡಿ ಬುದ್ದಿ. ವಸಿ ತಡೀರಿ. ಆಂ, ಈಗ." ನಡುವೆ ಕೂತ ಕೆಂಪಮ್ಮ ಅಭ್ಯಾಸಬಲದಿಂದ ನನಗೂ ಹೇಳುತ್ತಿದ್ದಳು: "ಮುಂದೆ ಕುರಿ ಅವೆ, ಮೆಲ್ಲುಕ್ಕೆ." ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು.

ಸಂತೆಮಾಳದಲ್ಲಿ ಮೂಟೆ ಇಳಿಸುವಾಗ ಇಬ್ಬರನ್ನೂ ಒಂದು ಮರದ ಕೆಳಗೆ ಕೂರಿಸಿಕೊಂಡು ನನ್ನ ತೀರ್ಮಾನ ಹೇಳಿದೆ. ಲಾರಿಗೆ ಸರ್ಟಿಫಿಕೇಟ್ ಕೊಡುತ್ತೇನೆ. ಬೋರಯ್ಯನ ಲೈಸೆನ್ಸನ್ನು ಮಾತ್ರ ಇಟ್ಟುಕೊಳ್ಳುತ್ತೇನೆ.

ಬೋರಯ್ಯ, "ಅಂಗಾರೆ ಲಾರಿ ಪಾಸು, ನಾನು ಫೇಲು," ಎಂದು ನಕ್ಕ. ನಗುನಗುತ್ತಲೇ ಟವೆಲಿನಿಂದ ಮುಖ ಮುಚ್ಚಿಕೊಂಡ. ಕೆಂಪಮ್ಮ ಅವನ ಬೆನ್ನ ಮೇಲೆ ಕೈಯಿಟ್ಟು ಸಂತೆಯ ಕಡೆಗೆ ನೋಡುತ್ತ ಕೂತಳು.

"ಇದು ಕಣ್ಣಿನ ಪೊರೆ. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ತೆಗೆಯುತ್ತಾರೆ," ಎಂದೆ.

"ತಗ್ಸೋಕೋಗಿ ಇದ್ದ ಬೆಳ್ಕೂ ಕಳ್ಕಂಡೋರವ್ರೆ ಬುದ್ದಿ. ನಾನೊಲ್ಲೆ."

ಆಗ ಕೆಂಪಮ್ಮ ಅವನ ಕಡೆ ತಿರುಗಿದಳು. "ಈ ಲಾರಿ ಯಾವತ್ತಾರ ಸದ್ದು ಮಾಡುದ್ರೆ ಬಿಚ್ದೆ ಬುಟ್ಟಿದ್ದೀರಾ ನೀವು? ಉಣ್ಣದನ್ನೂ ಬುಟ್ಟು ಬಿಚ್ಚಿ ಸರಿ ಮಾಡಿಲ್ವಾ? ನಿಮ್ ಮೈ ಅದಕ್ಕಿಂತ ಕಡೆಯಾಯ್ತಾ?"

ಮುಂದಿನ ವಾರ ಅವಳೇ ಅವನನ್ನು ಮೈಸೂರಿಗೆ ಕರೆದೊಯ್ದಳು. ಟೈರಿಲ್ಲದೆ ಬಸ್ಸು ನಿಂತು ಕೆಲಸವಿಲ್ಲದೆ ಕೂತಿದ್ದ ಪಿರಿಯಾಪಟ್ಟಣದ ಬಸವರಾಜು ಎಂಬ ಡ್ರೈವರನನ್ನು ನಾನು ಲಾರಿಗೆ ಗೊತ್ತುಮಾಡಿಕೊಟ್ಟೆ. ಸಂತೆಯ ಅಕ್ಕಿ ನಿಲ್ಲಲಿಲ್ಲ.

ಆ ಕಾಲದಲ್ಲಿ ಪೊರೆ ತೆಗೆದ ಮೇಲೆ ತಲೆಯ ಎರಡೂ ಕಡೆ ಮರಳಿನ ಚೀಲ ಇಟ್ಟು, ಅಲುಗಾಡದೆ ಮಲಗಿಸುತ್ತಿದ್ದರು. ನಾನು ನೋಡಲು ಹೋದಾಗ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದ ಬೋರಯ್ಯನ ಬಾಯಿಗೆ ಕೆಂಪಮ್ಮ ಗಂಜಿ ಹಾಕುತ್ತಿದ್ದಳು. ನನ್ನ ದನಿ ಕೇಳಿ ಅವನು ಮೊದಲು ಕೇಳಿದ್ದು ಲಾರಿಯ ರೇಡಿಯೇಟರಿನ ವಿಚಾರ.

ಒಂದಾದ ಮೇಲೊಂದರಂತೆ ಎರಡೂ ಕಣ್ಣು ಮುಗಿದು, ಗಾಯ ಮಾಗಿ, ಕನ್ನಡಕ ಸಿದ್ಧವಾಗುವ ಹೊತ್ತಿಗೆ ತಿಂಗಳುಗಳೇ ಕಳೆದವು. ಕೆಲಸದ ಮೇಲೆ ಮೈಸೂರಿಗೆ ಹೋಗಿದ್ದ ನಾನೇ ಕನ್ನಡಕವನ್ನು ತಂದೆ. ಹುಣಸೂರಿನ ನನ್ನ ಕಚೇರಿಯ ಮುಂದೆ ಗಂಡಹೆಂಡಿರು ಕಾಯುತ್ತಿದ್ದರು. ಬಸವರಾಜು ಲಾರಿಯನ್ನು ಬಯಲಿನಲ್ಲಿ ನಿಲ್ಲಿಸಿದ್ದ.

ದಪ್ಪ ಗಾಜಿನ ಆ ಕನ್ನಡಕವನ್ನು ಬೋರಯ್ಯ ಹಾಕಿಕೊಂಡ. ಮೊದಲು ತನ್ನ ಅಂಗೈಯನ್ನು ನೋಡಿಕೊಂಡ. ಆಮೇಲೆ ಕತ್ತೆತ್ತಿ ಹೆಂಡತಿಯನ್ನು ನೋಡಿದ. ನೋಡುತ್ತಲೇ ಇದ್ದ.

"ನಿನ್ ತಲೆ ಯಾವಾಗ ಬೆಳ್ಳಗಾಯ್ತಮ್ಮಿ?"

"ನೀವು ನೋಡ್ದೆ ಇರೋವಾಗ," ಎಂದಳು ಕೆಂಪಮ್ಮ. ಹೇಳಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅವನು ಕೈ ನೀಡಿ ಸೆರಗನ್ನು ಹಿಂದಕ್ಕೆ ಸರಿಸಿ, "ಇರ್ಲಿ ಬುಡು, ನೋಡ್ಕತೀನಿ," ಎಂದ. ನಾನೂ ಬಸವರಾಜುವೂ ಬೇರೆ ಕಡೆ ತಿರುಗಿಕೊಂಡೆವು.

ನಂತರ ಅವನು ಬಯಲಿನ ಕಡೆ ನೋಡಿ, "ಅದ್ಯಾರ್ದು ಬುದ್ದಿ ಆ ಮುದಿ ಲಾರಿ?" ಎಂದ.

ಅವನೇ ಮೆಲ್ಲಗೆ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟ. ಕೈಯಿಟ್ಟ ಕೂಡಲೇ ಗುರುತಾಯಿತು. "ನೀಲಿ ಬಣ್ಣ ಇತ್ತಲ್ಲ ಇದು," ಎಂದ. "ಕೈಗೆ ಯಾವತ್ತೂ ಮುದಿ ಅನ್ನುಸ್ನಿಲ್ಲ."

ಅದೇ ಬಯಲಿನಲ್ಲಿ ಅವನ ಪರೀಕ್ಷೆ ಮಾಡಿದೆ. ದೂರದ ಮರದ ಮೇಲೆ ಕೂತ ಹಕ್ಕಿಯನ್ನೂ ಹೇಳಿದ. ಆದರೆ ಪೊರೆ ತೆಗೆದವರ ದಪ್ಪ ಕನ್ನಡಕದಲ್ಲಿ ನೇರಕ್ಕೆ ಕಾಣುತ್ತದೆ, ಪಕ್ಕಕ್ಕೆ ಕಾಣುವುದಿಲ್ಲ. ಲಾರಿ ಓಡಿಸುವಾಗ ಎಡಗಡೆಯಿಂದ ಬಂದ ಎತ್ತಿನ ಗಾಡಿ ತೀರ ಹತ್ತಿರ ಬರುವ ತನಕ ಅವನಿಗೆ ಗೊತ್ತಾಗಲಿಲ್ಲ. ನಾನು ಬಾಯಿ ತೆರೆಯುವ ಮುಂಚೆ ಅವನೇ ಎಂಜಿನ್ ನಿಲ್ಲಿಸಿ ಕೆಳಗಿಳಿದ.

"ನೀವೇಳೋದು ಬ್ಯಾಡ ಬುದ್ದಿ, ನಂಗೇ ತಿಳೀತು. ಬಸ್ರಾಜ ಓಡುಸ್ಲಿ. ನಾನ್ ಪಕ್ದಲ್ ಕೂತ್ಕಂಡು ಊರು ಕೇರಿ ನೋಡ್ಕಂಡ್ ಬತ್ತೀನಿ. ನೋಡಿ ಬಾಳ ದಿನ ಆಯ್ತು."

ಹಾಗೆಯೇ ಆಯಿತು. ಯುದ್ಧ ಮುಗಿದು, ಹೊಸ ಲಾರಿಗಳು ಬಂದ ಮೇಲೂ ಆ ಗಾಡಿ ಓಡುತ್ತಿತ್ತು. ನನಗೆ ಬೇರೆ ಕಡೆಗೆ ವರ್ಗವಾಗುವವರೆಗೂ ವರ್ಷ ವರ್ಷ ನನ್ನ ಮುಂದೆ ಬಂದು ನಿಂತು ಪಾಸಾಗುತ್ತಿತ್ತು. ಪ್ರತಿ ಸಲವೂ ಬೋರಯ್ಯ ಹೊಸದಾಗಿ ಏನನ್ನಾದರೂ ಬಿಚ್ಚಿ ಸರಿಮಾಡಿ ತಂದಿರುತ್ತಿದ್ದ.

ಆ ಕಾಲದ ಗಾಡಿಗಳು ಅಷ್ಟು ವರ್ಷ ಹೇಗೆ ಬಾಳುತ್ತಿದ್ದವೆಂದು ಈಗಲೂ ಕೆಲವರು ಕೇಳುತ್ತಾರೆ. ಕಬ್ಬಿಣ ಗಟ್ಟಿಯಿತ್ತು ಎನ್ನುವುದು ಅರ್ಧ ಉತ್ತರ. ಸಣ್ಣ ಸದ್ದು ಬಂದಾಗಲೇ ಕಿವಿಗೊಟ್ಟು ಕೇಳುವವರು ಒಬ್ಬರಿದ್ದರೆ ಗಾಡಿ ಬಾಳುತ್ತದೆ. ಮನುಷ್ಯನೂ ಅಷ್ಟೇ, ಆದರೆ ಅವನು ಸದ್ದು ಮಾಡುವುದಿಲ್ಲ. ಆ ಇಳಿಜಾರಿನ ನಂತರ ನನ್ನ ಕೆಲಸದ ಕ್ರಮವೇ ಬದಲಾಯಿತು. ಯಾವ ಗಾಡಿ ಬಂದರೂ ಬಾನೆಟ್ಟು ತೆಗೆಸುವ ಮೊದಲು ಡ್ರೈವರನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಊಟ ಆಯಿತೇ, ನಿದ್ದೆ ಬರುತ್ತದೆಯೇ, ಕಣ್ಣು ಹೇಗಿದೆ ಎಂದು ವಿಚಾರಿಸುತ್ತಿದ್ದೆ. ಮೊದಮೊದಲು ಅವರು ಹೆದರುತ್ತಿದ್ದರು. ಬರುಬರುತ್ತ ತಾವಾಗಿಯೇ ಹೇಳತೊಡಗಿದರು.