ಅಂಚೆಯತ್ತೆಯ ಮನೆಗೊಂದು ಪೆಟ್ಟಿಗೆ

ನನ್ನ ಸೋದರತ್ತೆ ಮೂವತ್ತೊಂದು ವರ್ಷ ಮನೆಮನೆಗೆ ಕಾಗದ ಹಂಚಿದವಳು. ಊರಿಗೆಲ್ಲ ಅವಳು ಅಂಚೆಯತ್ತೆ. ನಿವೃತ್ತಿಯಾಯಿತೆಂದು ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ಊರಿನ ಇತಿಹಾಸ ಸಂಘದ ವಸ್ತುಸಂಗ್ರಹಾಲಯಕ್ಕೆ, ಅಂದರೆ ಗ್ರಂಥಾಲಯದ ಮೇಲಿನ ಎರಡು ಕೋಣೆಗೆ, ಸಂಬಳವಿಲ್ಲದ ಕೆಲಸಕ್ಕೆ ಸೇರಿದಳು. ಜನ ತಂದುಕೊಟ್ಟ ಹಳೇ ಫೋಟೋ, ಕಾಗದ, ಬೀಗ, ಕನ್ನಡಕಗಳ ರಾಶಿಯನ್ನು ವಿಂಗಡಿಸಬೇಕಿತ್ತು. ಚೀಟಿ ಅಂಟಿಸಲು ನನ್ನನ್ನೂ ಎಳೆದುಕೊಂಡಳು.

ಹುಟ್ಟುಗುಣ ಸುಟ್ಟರೂ ಹೋಗದಂತೆ. ಕಸುಬಿನ ಗುಣ ನಿವೃತ್ತಿಯಾದರೂ ಹೋಗುವುದಿಲ್ಲ. ಆರು ತಿಂಗಳಲ್ಲಿ ಅಷ್ಟನ್ನೂ ಬೀದಿ, ಮನೆ ನಂಬರಿನ ಪ್ರಕಾರ ಜೋಡಿಸಿಟ್ಟಳು. ಮನೆಗೊಂದು ರಟ್ಟಿನ ಪೆಟ್ಟಿಗೆ.

ಸಂಘದ ಕಾರ್ಯದರ್ಶಿ ಇತಿಹಾಸದ ಮೇಷ್ಟ್ರಾಗಿದ್ದವರು. ನೋಡಿದವರೇ ಹಾರಿಬಿದ್ದರು.

“ಇದೇನು ಪೋಸ್ಟಾಫೀಸಾ? ಇತಿಹಾಸ ಅಂದ್ರೆ ಇಸವಿ ಕಣಮ್ಮಾ! ಸೋಮವಾರದೊಳಗೆ ಎಲ್ಲಾ ಇಸವಿ ಪ್ರಕಾರ ಆಗ್ಬೇಕು. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀನಿ.”

“ಇಸವಿ ಯಾರಿಗೆ ನೆನಪಿರುತ್ತೆ ಮೇಷ್ಟ್ರೇ? ಮನೆ ನೆನಪಿರುತ್ತೆ,” ಅಂದಳು ಅತ್ತೆ.

ಜಪ್ಪಯ್ಯ ಅಂದರೂ ಅವರು ಕೇಳಲಿಲ್ಲ. ಆ ಕೋಣೆ ಕೈತಪ್ಪಿದರೆ ಅತ್ತೆ ಸೊರಗಿಹೋಗುತ್ತಾಳೆಂದು ನನಗೆ ಭಯ.

ಶನಿವಾರ ಒಲ್ಲದ ಮನಸ್ಸಿನಿಂದ ಪೆಟ್ಟಿಗೆ ಬಿಚ್ಚಲು ಕೂತೆವು. ಮೇಷ್ಟ್ರು ಕಾವಲಿಗೆ ಬಂದಿದ್ದರು. ಅಷ್ಟರಲ್ಲಿ ಅಜ್ಜಿಯೊಬ್ಬರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಕೆಡವಿಹಾಕಿದ ತವರುಮನೆಯ ಫೋಟೋ ಇದೆಯೇ ಎಂದು ಕೇಳಿದರು.

“ಯಾವ ಇಸವಿದು?” ಮೇಷ್ಟ್ರು ಕೇಳಿದರು.

“ಅಯ್ಯೋ, ನಂಗೇನಪ್ಪಾ ಗೊತ್ತು? ಪ್ರೆಸ್ಸಿನ ಎದುರು ಮೂಲೆಮನೆ.”

ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪೆಟ್ಟಿಗೆ ಅಜ್ಜಿಯ ಮಡಿಲಲ್ಲಿತ್ತು. ಫೋಟೋದಲ್ಲಿ ಮೆಟ್ಟಿಲ ಮೇಲೆ ಮೂವರು ಹುಡುಗಿಯರು.

“ಹಲ್ಲಿಲ್ದೋಳು ನಾನು!” ಅಜ್ಜಿ ಚಪ್ಪಾಳೆ ತಟ್ಟಿದರು. “ಆಗ್ಲೂ ಇರ್ಲಿಲ್ಲ, ಈಗ್ಲೂ ಇಲ್ಲ! ಪಕ್ಕದ್ಮನೆಯವ್ರದ್ದು?”

ಅದೂ ಬಂತು, ಅದರಾಚೆಯದೂ ಬಂತು. ಕೂತಲ್ಲೇ ಇಡೀ ಬೀದಿ ಸುತ್ತಿದೆವು. ಒಂದೊಂದು ಮನೆಗೂ ಅಜ್ಜಿಯದೊಂದು ಚಾಡಿ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಅಜ್ಜಿ ಹೋದ ಮೇಲೆ ಮೇಷ್ಟ್ರು ಸುಮ್ಮಸುಮ್ಮನೆ ಕೆಮ್ಮಿದರು. “ಹಿಂದಿನ ಬೀದೀಲಿ ಒಂಬತ್ತನೇ ನಂಬರ್ ಮನೇದು ಏನಾದ್ರೂ ಇದ್ಯಾ? ಚಿಕ್ಕಂದಿನಲ್ಲಿ ಬಾಡಿಗೆಗಿದ್ವಿ.”

ಇತ್ತು, ಒಂದೇ ಫೋಟೋ. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಯಾರೋ ಕರೆದದ್ದಕ್ಕೆ ತಿರುಗಿ ನಗುತ್ತಿದ್ದಾಳೆ. ಮೇಷ್ಟ್ರು ನೆಲದ ಮೇಲೇ ಕೂತುಬಿಟ್ಟರು.

“ಅಮ್ಮ,” ಅಂದರು. “ಅಮ್ಮಂದು ಒಂದೂ ಫೋಟೋ ಇರ್ಲಿಲ್ಲ ನಮ್ಮನೇಲಿ.” ಅಳುತ್ತಲೇ ನಕ್ಕರು.

ಸ್ವಲ್ಪ ಹೊತ್ತು ಬಿಟ್ಟು ಅತ್ತೆ ಮೆಲ್ಲಗೆ ಕೇಳಿದಳು: “ಇದನ್ನ ಯಾವ ಇಸವಿಗೆ ಹಾಕ್ಲಿ ಮೇಷ್ಟ್ರೇ?”

“ಬೇಡಮ್ಮ,” ಅಂದರು ಮೇಷ್ಟ್ರು. “ಅವ್ಳ ಮನೇಲೇ ಇರ್ಲಿ ಬಿಡು.”